ಎಲ್ಲೆ ಕಳೆದುಕೊಂಡ ಹೆಸರು: ಇಂಗ್ಲಿಷ್ ರಾಷ್ಟ್ರೀಯ ಅಸ್ಮಿತೆಯ ಭಾಷಿಕ ಚರಿತ್ರೆ

1. ಪ್ರಶ್ನೆಯ ಸ್ವರೂಪ

2011ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ನಿವಾಸಿಗಳಿಗೆ ರಾಷ್ಟ್ರೀಯ ಅಸ್ಮಿತೆಯನ್ನು ಕುರಿತ ಪ್ರಶ್ನೆಯೊಂದನ್ನು ಮೊದಲ ಬಾರಿಗೆ ಕೇಳಲಾಯಿತು. ಶೇ. 57.7ರಷ್ಟು ಜನ ತಮ್ಮನ್ನು 'ಇಂಗ್ಲಿಷ್' ಎಂದಷ್ಟೇ ಗುರುತಿಸಿಕೊಂಡರು. 'ಬ್ರಿಟಿಷ್' ಎಂದಷ್ಟೇ ಗುರುತಿಸಿಕೊಂಡವರು ಶೇ. 19.1. ಹತ್ತು ವರ್ಷಗಳ ಬಳಿಕ, 2021ರ ಜನಗಣತಿಯಲ್ಲಿ, ಮೊದಲ ಗುಂಪು ಶೇ. 14.9ಕ್ಕೆ ಇಳಿದಿತ್ತು, ಎರಡನೆಯದು ಶೇ. 54.8ಕ್ಕೆ ಏರಿತ್ತು. ಒಂದು ದಶಕದಲ್ಲಿ ಕೋಟಿಗಟ್ಟಲೆ ಜನರು ತಮ್ಮ ರಾಷ್ಟ್ರೀಯತೆಯನ್ನು ಬದಲಾಯಿಸಿಕೊಂಡಂತೆ ಈ ಅಂಕಿಗಳು ಕಾಣುತ್ತವೆ. ಆದರೆ ಇಂಗ್ಲೆಂಡ್‌ನಲ್ಲಿ ವಿತರಿಸಿದ ನಮೂನೆಯಲ್ಲಿ ಇನ್ನೊಂದು ಬದಲಾವಣೆಯೂ ಆಗಿತ್ತು. 2011ರಲ್ಲಿ ಉತ್ತರಗಳ ಪಟ್ಟಿಯ ಮೊದಲ ಸ್ಥಾನದಲ್ಲಿ 'ಇಂಗ್ಲಿಷ್' ಇತ್ತು. 2021ರಲ್ಲಿ ಆ ಸ್ಥಾನಕ್ಕೆ 'ಬ್ರಿಟಿಷ್' ಬಂದಿತ್ತು. ಈ ಏರಿಳಿತಕ್ಕೆ ಉತ್ತರಗಳ ಅನುಕ್ರಮವೂ ಕಾರಣವಾಗಿರಬಹುದೆಂದು ರಾಷ್ಟ್ರೀಯ ಅಂಕಿಅಂಶ ಕಚೇರಿಯೇ ಎಚ್ಚರಿಸಿದೆ.

ಜನಸಂಖ್ಯಾಶಾಸ್ತ್ರಜ್ಞರಿಗೆ ಇದು ಪ್ರಶ್ನಾವಳಿಯ ದೋಷವಾಗಿ ತೋರಬಹುದು. ಭಾಷಾವಿಜ್ಞಾನದ ದೃಷ್ಟಿಯಿಂದ ಇದೊಂದು ಮಹತ್ವದ ದತ್ತಾಂಶವೆಂದು ನಾವು ಭಾವಿಸುತ್ತೇವೆ. ಎರಡು ಪದಗಳ ನಡುವೆ ಭಾಷಿಕರಿಗೆ ಸ್ಪಷ್ಟವಾದ ಅರ್ಥವ್ಯತ್ಯಾಸವಿದ್ದರೆ ಪಟ್ಟಿಯ ಅನುಕ್ರಮ ಉತ್ತರವನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ತಿರುಗಿಸಲಾರದು. 'ಸ್ಕಾಟಿಷ್' ಮತ್ತು 'ವೆಲ್ಷ್' ಎಂಬ ಹೆಸರುಗಳು 'ಬ್ರಿಟಿಷ್'ನೊಡನೆ ಹೀಗೆ ಸುಲಭವಾಗಿ ಕಲಸಿಹೋಗುವುದಿಲ್ಲ. 'ಇಂಗ್ಲಿಷ್' ಮಾತ್ರ ಏಕೆ ಕಲಸಿಹೋಗುತ್ತದೆ? ಇಂದಿನ ಇಂಗ್ಲಿಷ್ ಅಸ್ಮಿತೆಯನ್ನು ರೂಪಿಸುತ್ತಿರುವುದು ಏನು ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ನಾವು ಈ ಹೆಸರಿನ ಚರಿತ್ರೆಯ ಮೂಲಕ ಪರಿಶೀಲಿಸುತ್ತೇವೆ. ನಮ್ಮ ವಾದ ಹೀಗಿದೆ: ಒಂದು ಜನವನ್ನು ಅದರ ಭಾಷೆಯಿಂದ ಗುರುತಿಸುವ ಹೆಸರಾಗಿ 'ಇಂಗ್ಲಿಷ್' ಹುಟ್ಟಿತು, ಆ ಭಾಷೆ ಮೊದಲು ದ್ವೀಪದ, ಅನಂತರ ಸಾಮ್ರಾಜ್ಯದ, ಕೊನೆಗೆ ಜಗತ್ತಿನ ಸ್ವತ್ತಾದಾಗ ಹೆಸರಿನ ಹೊರ ಎಲ್ಲೆ ಅಳಿಯಿತು, ಅದೇ ಅವಧಿಯಲ್ಲಿ ಭಾಷೆಯೊಳಗಿನ ಎಲ್ಲೆಗಳು, ಮುಖ್ಯವಾಗಿ ಉಚ್ಚಾರಣಾ ಧಾಟಿಯ ಎಲ್ಲೆಗಳು, ಗಟ್ಟಿಯಾದವು. ಇಂದಿನ ಇಂಗ್ಲಿಷ್ ಅಸ್ಮಿತೆಯ ಅಸ್ಪಷ್ಟತೆ ಈ ಎರಡು ಪ್ರಕ್ರಿಯೆಗಳ ಫಲ.

2. ಹೆಸರಿನ ಹುಟ್ಟು

ಬೀಡ್ ಎಂಬ ಸಂನ್ಯಾಸಿ ನಾರ್ತಂಬ್ರಿಯದ ಮಠವೊಂದರಲ್ಲಿದ್ದುಕೊಂಡು ಸುಮಾರು 731ರಲ್ಲಿ ಲ್ಯಾಟಿನ್‌ನಲ್ಲಿ ತನ್ನ ಚರ್ಚಿನ ಚರಿತ್ರೆಯನ್ನು ಮುಗಿಸಿದಾಗ ಇಂಗ್ಲೆಂಡ್ ಎಂಬ ರಾಜ್ಯವಿರಲಿಲ್ಲ. ಇದ್ದದ್ದು ನಾರ್ತಂಬ್ರಿಯ, ಮರ್ಸಿಯ, ವೆಸೆಕ್ಸ್, ಕೆಂಟ್ ಮುಂತಾದ ಪರಸ್ಪರ ಕಾದಾಡುವ ಅರಸೊತ್ತಿಗೆಗಳು. ಆದರೂ ಬೀಡ್ ಅವೆಲ್ಲವುಗಳ ಜನರನ್ನು 'ಆಂಗ್ಲರ ಕುಲ' ಎಂಬ ಒಂದೇ ಹೆಸರಿನಿಂದ ಕರೆದನು. ಗ್ರಂಥದ ಆರಂಭದಲ್ಲಿಯೇ ಅವನು ಬ್ರಿಟನ್ ದ್ವೀಪದ ಐದು ಭಾಷೆಗಳನ್ನು ಎಣಿಸುತ್ತಾನೆ: ಇಂಗ್ಲಿಷ್, ಬ್ರಿಟಿಷ್, ಐರಿಷ್, ಪಿಕ್ಟಿಷ್, ಲ್ಯಾಟಿನ್. ಇಲ್ಲಿ 'ಬ್ರಿಟಿಷ್' ಎಂದರೆ ಇಂದಿನ ವೆಲ್ಷ್ ಭಾಷೆಯ ಪೂರ್ವರೂಪ. ಇಂದು ಒಂದರೊಳಗೊಂದು ಸೇರಿಹೋಗಿರುವ ಈ ಎರಡು ಹೆಸರುಗಳು ಎಂಟನೆಯ ಶತಮಾನದಲ್ಲಿ ಪರಸ್ಪರ ವಿರುದ್ಧವಾದ ಎರಡು ಭಾಷಾಸಮುದಾಯಗಳನ್ನು ಸೂಚಿಸುತ್ತಿದ್ದವು.

ಒಂಬತ್ತನೆಯ ಶತಮಾನದ ಕೊನೆಯಲ್ಲಿ ವೆಸೆಕ್ಸ್‌ನ ದೊರೆ ಆಲ್ಫ್ರೆಡ್ (ಆಳ್ವಿಕೆ 871–899) ಪೋಪ್ ಗ್ರೆಗರಿಯ ಕೃತಿಯೊಂದನ್ನು ಲ್ಯಾಟಿನ್‌ನಿಂದ ತನ್ನ ನುಡಿಗೆ ತರುವಾಗ ಬರೆದ ಪೀಠಿಕೆ ಈ ಹೆಸರಿನ ಚರಿತ್ರೆಯಲ್ಲಿ ನಿರ್ಣಾಯಕವಾದದ್ದು. ಆಲ್ಫ್ರೆಡ್ ಸ್ಯಾಕ್ಸನ್ ವಂಶದವನು. ಅವನ ರಾಜ್ಯದ ಹೆಸರಿನಲ್ಲಿಯೇ ಸ್ಯಾಕ್ಸನ್ ಎಂಬುದಿದೆ. ಅವನ ಆಸ್ಥಾನದಲ್ಲಿದ್ದ ವೇಲ್ಸ್ ಮೂಲದ ಆ್ಯಸರ್ ಆ ಭಾಷೆಯನ್ನು 'ಸ್ಯಾಕ್ಸನ್' ಎಂದೇ ಬರೆದನು. ಆದರೆ ದೊರೆ ತನ್ನ ಭಾಷೆಯನ್ನು 'ಎಂಗ್ಲಿಷ್' ಎಂದೂ ಜನವನ್ನು 'ಆಂಗೆಲ್‌ಕಿನ್', ಅಂದರೆ ಆಂಗ್ಲಕುಲ, ಎಂದೂ ಕರೆದನು. ಡೇನರ ದಾಳಿಗೆ ಸಿಕ್ಕಿದ್ದ ಹಲವು ರಾಜ್ಯಗಳ ಜನರನ್ನು ಒಂದೆಡೆ ತರಬಲ್ಲ ಹೆಸರು ಅವನಿಗೆ ಬೇಕಾಗಿತ್ತು. ಭಾಷೆ ಆ ಹೆಸರನ್ನು ಒದಗಿಸಿತು. 'ಎಂಗ್ಲಲ್ಯಾಂಡ್' ಎಂಬ ನಾಡಿನ ಹೆಸರು ಬಳಕೆಗೆ ಬಂದದ್ದು ಒಂದು ಶತಮಾನದ ಬಳಿಕ. ಭಾಷೆ ಮೊದಲು, ಜನ ಅನಂತರ, ನಾಡು ಕೊನೆಗೆ ಎಂಬ ಈ ಅನುಕ್ರಮ ಗಮನಾರ್ಹ. ನೆರೆಯವರು ಈ ಹೆಸರನ್ನು ಒಪ್ಪಿಕೊಳ್ಳಲಿಲ್ಲ. ಇಂದಿಗೂ ವೆಲ್ಷ್‌ನಲ್ಲಿ ಇಂಗ್ಲಿಷ್ ಭಾಷೆ 'ಸೈಸ್ನೆಗ್'. ಐರಿಷ್ ಮತ್ತು ಸ್ಕಾಟಿಷ್ ಗೇಲಿಕ್‌ಗಳಲ್ಲಿ ಇಂಗ್ಲಿಷರನ್ನು ಕರೆಯುವ ಪದಗಳು ಸ್ಯಾಕ್ಸನ್ ಎಂಬುದರಿಂದಲೇ ಬಂದವು.

ಕನ್ನಡದ ಓದುಗರಿಗೆ ಇಲ್ಲಿ ಸಹಜವಾಗಿ ಕವಿರಾಜಮಾರ್ಗ ನೆನಪಾಗುತ್ತದೆ. ಅದೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಶ್ರೀವಿಜಯನು ಕಾವೇರಿ ಮತ್ತು ಗೋದಾವರಿಗಳ ನಡುವಣ ನಾಡನ್ನು ಕನ್ನಡದ ನೆಲವೆಂದು ಗುರುತಿಸಿದನು. ಶೆಲ್ಡನ್ ಪೊಲಾಕ್ ತಮ್ಮ 2006ರ ಕೃತಿಯಲ್ಲಿ ದಕ್ಷಿಣ ಏಷ್ಯಾ ಮತ್ತು ಯೂರೋಪುಗಳ ದೇಶಭಾಷೆಗಳ ಉದಯವನ್ನು ಜೊತೆಯಾಗಿಟ್ಟು ನೋಡಿದ್ದಾರೆ. ನಮಗೆ ಮುಖ್ಯವೆನಿಸುವುದು ಒಂದು ರೂಪಭೇದ. ಕನ್ನಡವು ಭಾಷೆಗೆ 'ಕನ್ನಡ', ಜನಕ್ಕೆ 'ಕನ್ನಡಿಗ', ನಾಡಿಗೆ 'ಕರ್ನಾಟಕ' ಎಂದು ಮೂರು ಪದಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡಿದೆ. ಕನ್ನಡವನ್ನು ಕಲಿತವರೆಲ್ಲರೂ ಆ ಕಾರಣಕ್ಕಾಗಿಯೇ ಕನ್ನಡಿಗರಾಗುವುದಿಲ್ಲ. ಆಗಬಹುದೇ ಎಂಬ ಚರ್ಚೆ ನಡೆಯುವುದಕ್ಕೂ ಎರಡು ಪದಗಳಿರುವುದು ಅನುಕೂಲ. ಇಂಗ್ಲಿಷಿನಲ್ಲಿ ಭಾಷೆಯನ್ನೂ ಜನವನ್ನೂ ಒಂದೇ ವಿಶೇಷಣ ಹೊರುತ್ತದೆ. ಭಾಷೆ ನಾಡಿನೊಳಗೆ ಇರುವವರೆಗೆ ಇದರಿಂದ ತೊಡಕಾಗಲಿಲ್ಲ. ಅದು ಗಡಿ ದಾಟಿದಾಗ ಜನದ ಹೆಸರೂ ಅದರೊಡನೆ ಸಡಿಲಗೊಂಡಿತು.

3. ಫ್ರೆಂಚ್‌ಗೆ ಎದುರಾಗಿ ಇಂಗ್ಲಿಷ್

1066ರ ನಾರ್ಮನ್ ವಿಜಯದ ಬಳಿಕ ಇಂಗ್ಲಿಷ್ ಸುಮಾರು ಮೂರು ಶತಮಾನ ಆಳಿಸಿಕೊಳ್ಳುವವರ ಭಾಷೆಯಾಗಿತ್ತು. ಅರಮನೆ ಮತ್ತು ನ್ಯಾಯಾಲಯಗಳ ಮಾತು ಫ್ರೆಂಚ್, ದಾಖಲೆ ಮತ್ತು ಚರ್ಚುಗಳ ಬರಹ ಲ್ಯಾಟಿನ್. ಈ ಅವಧಿಯಲ್ಲಿ 'ಇಂಗ್ಲಿಷ್' ಎಂಬ ಹೆಸರಿನ ಎದುರುಪದ ಬದಲಾಯಿತು: ಮೊದಲು ಬ್ರಿಟನ್ನರು ಮತ್ತು ಡೇನರಿದ್ದ ಸ್ಥಾನದಲ್ಲಿ ಈಗ ಫ್ರೆಂಚ್ ಇತ್ತು. 1204ರಲ್ಲಿ ನಾರ್ಮಂಡಿ ಕೈತಪ್ಪಿದುದು, ಅನಂತರ ಫ್ರಾನ್ಸಿನೊಡನೆ ನಡೆದ ದೀರ್ಘ ಯುದ್ಧ, ಇವು ಆ ವೈದೃಶ್ಯವನ್ನು ರಾಜಕೀಯವಾಗಿಯೂ ತೀವ್ರಗೊಳಿಸಿದವು. 1362ರ ಶಾಸನವೊಂದು ನ್ಯಾಯಾಲಯದ ವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂದು ವಿಧಿಸಿತು. ಆ ಶಾಸನವನ್ನು ಬರೆದದ್ದು ಫ್ರೆಂಚ್‌ನಲ್ಲಿ. 1385ರ ಹೊತ್ತಿಗೆ ಶಾಲೆಗಳಲ್ಲಿ ಮಕ್ಕಳು ಲ್ಯಾಟಿನ್ ಪಾಠವನ್ನು ಫ್ರೆಂಚ್‌ನ ಬದಲು ಇಂಗ್ಲಿಷಿನ ಮೂಲಕ ಕಲಿಯುತ್ತಿದ್ದಾರೆಂದು ಜಾನ್ ಟ್ರೆವೀಸ ತನ್ನ ಅನುವಾದಗ್ರಂಥದಲ್ಲಿ ಸೇರಿಸಿದ ಟಿಪ್ಪಣಿಯಿಂದ ತಿಳಿಯುತ್ತದೆ. ಐದನೆಯ ಹೆನ್ರಿ 1417ರಿಂದ ತನ್ನ ಪತ್ರಗಳನ್ನು ಇಂಗ್ಲಿಷಿನಲ್ಲಿ ಬರೆಯಿಸತೊಡಗಿದನು.

ಈ ಭಾಷೆ ಏಕರೂಪದ್ದಾಗಿತ್ತೆಂದು ತಿಳಿಯಬಾರದು. 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದ ವಿಲಿಯಂ ಕ್ಯಾಕ್ಸ್‌ಟನ್ 1490ರ ಗ್ರಂಥವೊಂದರ ಮುನ್ನುಡಿಯಲ್ಲಿ ಹೇಳುವ ಪ್ರಸಂಗ ಭಾಷಾಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತ. ಥೇಮ್ಸ್ ನದಿಯಿಂದ ಹೊರಟ ವರ್ತಕರು ಗಾಳಿಯಿಲ್ಲದೆ ಕೆಂಟ್ ತೀರದಲ್ಲಿ ನಿಂತಾಗ ಅವರಲ್ಲೊಬ್ಬ ಮನೆಯೊಂದಕ್ಕೆ ಹೋಗಿ ಮೊಟ್ಟೆ ಕೇಳುತ್ತಾನೆ. ಉತ್ತರದ ಕಡೆಯ 'ಎಗ್ಗೆಸ್' ಎಂಬ ರೂಪವನ್ನು ಅವನು ಬಳಸಿದ್ದರಿಂದ, ದಕ್ಷಿಣದ 'ಐರನ್' ಎಂಬ ರೂಪವನ್ನು ಬಲ್ಲ ಆ ಮನೆಯಾಕೆ ತನಗೆ ಫ್ರೆಂಚ್ ಬಾರದೆಂದು ಉತ್ತರಿಸುತ್ತಾಳೆ. ಈ ಪ್ರಸಂಗವನ್ನು ಸಾಮಾನ್ಯವಾಗಿ ಉಪಭಾಷಾ ವೈವಿಧ್ಯಕ್ಕೆ ನಿದರ್ಶನವಾಗಿ ಬಳಸುತ್ತಾರೆ. ನಮಗೆ ಅದರಲ್ಲಿ ಇನ್ನೊಂದು ಅಂಶ ಕಾಣುತ್ತದೆ: ಅರ್ಥವಾಗದ ಮಾತು ಫ್ರೆಂಚ್ ಆಗಿರಬೇಕೆಂಬುದು ಆಕೆಯ ಊಹೆ. 'ನಮ್ಮ ಮಾತು' ಮತ್ತು 'ಅವರ ಮಾತು' ಎಂಬ ವಿಭಾಗ ಆ ಕಾಲಕ್ಕೆ ಭಾಷೆಗಳ ನಡುವೆ ಇತ್ತು. ಭಾಷೆಯೊಳಗಿನ ವ್ಯತ್ಯಾಸ ಅರಿವಿಗೆ ಬಂದಾಗಲೂ ಅದನ್ನು ಆಕೆ ಹೊರಗಿನ ಎಲ್ಲೆಯ ಮೇಲೆಯೇ ಹೊರಿಸುತ್ತಾಳೆ. ಮುಂದಿನ ನಾಲ್ಕು ಶತಮಾನಗಳಲ್ಲಿ ಇದು ತಿರುವುಮುರುವಾಗುತ್ತದೆ.

4. ಗಡಿ ದಾಟಿದ ಭಾಷೆ

1536ರಲ್ಲಿ ವೇಲ್ಸನ್ನು ಇಂಗ್ಲೆಂಡಿನೊಡನೆ ಸೇರಿಸಿದ ಶಾಸನ ಅಲ್ಲಿನ ನ್ಯಾಯಾಲಯಗಳ ಭಾಷೆ ಇಂಗ್ಲಿಷ್ ಎಂದು ವಿಧಿಸಿ, ವೆಲ್ಷ್ ಬಳಸುವವರನ್ನು ಅಧಿಕಾರಸ್ಥಾನಗಳಿಂದ ದೂರವಿರಿಸಿತು. 1707ರಲ್ಲಿ ಸ್ಕಾಟ್ಲೆಂಡಿನೊಡನೆ, 1801ರಲ್ಲಿ ಐರ್ಲೆಂಡಿನೊಡನೆ ಏಕೀಕರಣ ನಡೆಯಿತು. ಇದರಿಂದ 'ಬ್ರಿಟಿಷ್' ಎಂಬ ಹಳೆಯ ಪದಕ್ಕೆ ಹೊಸ ಅರ್ಥ ಬಂತು. ಹದಿನೆಂಟನೆಯ ಶತಮಾನದಲ್ಲಿ ಪ್ರಾಟೆಸ್ಟೆಂಟ್ ಧರ್ಮ, ಫ್ರಾನ್ಸಿನೊಡನೆ ಯುದ್ಧ ಮತ್ತು ಸಾಮ್ರಾಜ್ಯಗಳು ಈ ಬ್ರಿಟಿಷ್ ಅಸ್ಮಿತೆಯನ್ನು ಹೇಗೆ ಕಟ್ಟಿದವೆಂಬುದನ್ನು ಲಿಂಡಾ ಕಾಲಿ 1992ರಲ್ಲಿ ವಿವರಿಸಿದ್ದಾರೆ. ಆ ಅಸ್ಮಿತೆಯ ಭಾಷೆ ಇಂಗ್ಲಿಷ್ ಆಗಿತ್ತೆಂಬುದು ನಮ್ಮ ವಾದಕ್ಕೆ ಮುಖ್ಯ.

ಈ ಭಾಷೆಗೆ ಪ್ರಮಾಣರೂಪ ಕೊಡುವ ಕೆಲಸದಲ್ಲಿ ಇಂಗ್ಲೆಂಡಿನ ಹೊರಗಿನವರ ಪಾಲು ದೊಡ್ಡದು. 1755ರ ನಿಘಂಟು ಇಂಗ್ಲಿಷನಾದ ಸ್ಯಾಮ್ಯುಯೆಲ್ ಜಾನ್ಸನ್‌ನದು ನಿಜ. ಆದರೆ ಶುದ್ಧ ಉಚ್ಚಾರಣೆಯ ಉಪನ್ಯಾಸಗಳಿಂದ ಪ್ರಸಿದ್ಧನಾದ ಥಾಮಸ್ ಶೆರಿಡನ್ ಐರಿಷ್ ನಟ. 1762ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಅಲಂಕಾರ ಮತ್ತು ಸಾಹಿತ್ಯದ ಪೀಠವನ್ನೇರಿದ ಹ್ಯೂ ಬ್ಲೇರ್ ಸ್ಕಾಟ್. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರಲ್ಲಿ ಅಗ್ರಗಣ್ಯರಾದ ಜೇಮ್ಸ್ ಮರ್ರಿಯೂ ಸ್ಕಾಟ್ಲೆಂಡಿನವರು. ಜಾನ್ ವಾಕರ್ 1791ರಲ್ಲಿ ಪ್ರಕಟಿಸಿದ ಉಚ್ಚಾರಣಾ ನಿಘಂಟು ಸ್ಕಾಟ್ಲೆಂಡ್, ಐರ್ಲೆಂಡ್ ಮತ್ತು ಲಂಡನ್ನಿನ ನಿವಾಸಿಗಳು ತಮ್ಮ ವಿಲಕ್ಷಣತೆಗಳನ್ನು ತಿದ್ದಿಕೊಳ್ಳಲು ಬೇಕಾದ ನಿಯಮಗಳನ್ನು ಶೀರ್ಷಿಕೆಯಲ್ಲಿಯೇ ಘೋಷಿಸುತ್ತದೆ. ಈ ಪಟ್ಟಿಯಲ್ಲಿ ಲಂಡನ್ ಇರುವುದನ್ನು ಗಮನಿಸಬೇಕು. ಪ್ರಮಾಣ ಇಂಗ್ಲಿಷ್ ಇಂಗ್ಲೆಂಡಿನ ಯಾವುದೇ ಊರಿನ ಮಾತಲ್ಲ, ಎಲ್ಲರೂ ಕಲಿಯಬೇಕಾದ ರೂಪ ಎಂಬ ಭಾವನೆ ಇಲ್ಲಿ ಸಿದ್ಧವಾಗಿದೆ. ನೋಹ ವೆಬ್‌ಸ್ಟರ್ 1828ರಲ್ಲಿ ತನ್ನ ನಿಘಂಟಿಗೆ 'ಅಮೆರಿಕನ್' ಎಂಬ ವಿಶೇಷಣ ಸೇರಿಸಿದಾಗಲೂ ಭಾಷೆಯ ಹೆಸರು 'ಇಂಗ್ಲಿಷ್' ಆಗಿಯೇ ಉಳಿಯಿತು. ಹೊಸ ರಾಷ್ಟ್ರವೊಂದು ಹಳೆಯ ಜನದ ಹೆಸರನ್ನು ತನ್ನ ಭಾಷೆಯ ಹೆಸರಾಗಿ ಒಯ್ದಿತು.

ಭಾರತದ ಅನುಭವ ಈ ಪ್ರಕ್ರಿಯೆಯ ಒಂದು ಭಾಗ. ಇಂಗ್ಲಿಷ್ ಸಾಹಿತ್ಯವು ಶಿಕ್ಷಣದ ವಿಷಯವಾಗಿ ಬ್ರಿಟನ್ನಿಗಿಂತ ಮೊದಲು ವಸಾಹತು ಭಾರತದಲ್ಲಿ ವ್ಯವಸ್ಥಿತ ರೂಪ ಪಡೆಯಿತೆಂದು ಗೌರಿ ವಿಶ್ವನಾಥನ್ 1989ರಲ್ಲಿ ತೋರಿಸಿದರು. ಕನ್ನಡನಾಡಿನಲ್ಲಿ ನಾವು 'ಇಂಗ್ಲಿಷರು' ಅಥವಾ 'ಆಂಗ್ಲರು' ಎಂದು ಕರೆದವರಲ್ಲಿ ಹಲವರು ಇಂಗ್ಲಿಷರಾಗಿರಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆಯಿಟ್ಟ ಪಡೆಯನ್ನು ಮುನ್ನಡೆಸಿದ ಡೇವಿಡ್ ಬೇರ್ಡ್, ಅನಂತರ ಮೈಸೂರು ಸೀಮೆಯ ಮೋಜಣಿ ನಡೆಸಿದ ಕಾಲಿನ್ ಮೆಕೆಂಜಿ, 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ ವರದಿ ಬರೆದ ಫ್ರಾನ್ಸಿಸ್ ಬುಕನನ್, ಕೆನರಾದ ಕಲೆಕ್ಟರನಾಗಿದ್ದ ಥಾಮಸ್ ಮನ್ರೊ, ಈ ನಾಲ್ವರೂ ಸ್ಕಾಟರು. ಇಪ್ಪತ್ತನೆಯ ಶತಮಾನದ ಮೂರನೆಯ ದಶಕದಲ್ಲಿ ಬಿ.ಎಂ. ಶ್ರೀಕಂಠಯ್ಯನವರು ತಮ್ಮ ಅನುವಾದಗಳ ಸಂಕಲನಕ್ಕೆ 'ಇಂಗ್ಲಿಷ್ ಗೀತಗಳು' ಎಂದು ಹೆಸರಿಟ್ಟರು. ಅದರಲ್ಲಿ ಕನ್ನಡಿಗರಿಗೆ ಅತ್ಯಂತ ಪ್ರಿಯವಾದ ಕವನಗಳಲ್ಲೊಂದಾದ 'ಕಾರಿ ಹೆಗ್ಗಡೆಯ ಮಗಳು' ಗ್ಲಾಸ್ಗೋದಲ್ಲಿ ಹುಟ್ಟಿದ ಥಾಮಸ್ ಕ್ಯಾಂಪ್‌ಬೆಲ್‌ನ ರಚನೆಯಿಂದ ಬಂದದ್ದು. ಮೂಲದ ಕಥೆ ನಡೆಯುವುದು ಸ್ಕಾಟ್ಲೆಂಡಿನ ಜಲತೀರದಲ್ಲಿ. ಶ್ರೀಯವರ ಶೀರ್ಷಿಕೆಯಲ್ಲಿ ತಪ್ಪೇನೂ ಇಲ್ಲ, ಏಕೆಂದರೆ ಅಲ್ಲಿನ 'ಇಂಗ್ಲಿಷ್' ಭಾಷೆಯ ಹೆಸರು. ಆದರೆ ಭಾಷೆಯ ಹೆಸರು ಜನದ ಹೆಸರಿನಿಂದ ಎಷ್ಟು ದೂರ ಸರಿದಿತ್ತೆಂಬುದಕ್ಕೆ ಅದು ಒಳ್ಳೆಯ ಸಾಕ್ಷಿ.

ಸಾಮ್ರಾಜ್ಯ ಕಟ್ಟಿದ ಜನ ತಮ್ಮ ರಾಷ್ಟ್ರೀಯತೆಯನ್ನು ಗಟ್ಟಿಯಾಗಿ ಹೇಳಿಕೊಳ್ಳುವುದಿಲ್ಲ, ತಾವು ಕಟ್ಟಿದ ವ್ಯವಸ್ಥೆಯೊಡನೆ ತಮ್ಮನ್ನು ಸಮೀಕರಿಸಿಕೊಳ್ಳುತ್ತಾರೆ ಎಂಬುದು ಕೃಷನ್ ಕುಮಾರ್ ಅವರ 2003ರ ಕೃತಿಯ ಪ್ರತಿಪಾದನೆ. ಇದನ್ನು ನಾವು ಒಪ್ಪುತ್ತೇವೆ. ಆದರೆ ಅದು ರಾಜಕೀಯ ಕಾರಣವನ್ನು ಹೇಳುತ್ತದೆ. ಭಾಷೆಯ ಮಟ್ಟದಲ್ಲಿ ಅದು ಹೇಗೆ ಸಾಧ್ಯವಾಯಿತೆಂಬುದನ್ನು ಹೇಳುವುದಿಲ್ಲ. ತನ್ನ ಹೆಸರನ್ನು ಹೊತ್ತ ಭಾಷೆಯನ್ನು ಎಲ್ಲರೂ ಆಡತೊಡಗಿದಾಗ, ಒಂದು ಜನಕ್ಕೆ ತನ್ನನ್ನು ಬೇರೆಯಾಗಿ ತೋರಿಸಿಕೊಳ್ಳಲು ಇದ್ದ ಅತ್ಯಂತ ಹಳೆಯ ಸಾಧನವೇ ನಿರುಪಯುಕ್ತವಾಯಿತು ಎಂಬುದು ನಮ್ಮ ಸೇರ್ಪಡೆ.

5. ಒಳಕ್ಕೆ ಸರಿದ ಎಲ್ಲೆ

ಹೊರ ಎಲ್ಲೆ ಅಳಿಯುತ್ತಿದ್ದ ಕಾಲದಲ್ಲಿಯೇ ಇಂಗ್ಲೆಂಡಿನೊಳಗೆ ಉಚ್ಚಾರಣೆ ಸಾಮಾಜಿಕ ಸ್ಥಾನದ ಪ್ರಧಾನ ಸೂಚಕವಾಯಿತು. ಅಲೆಕ್ಸಾಂಡರ್ ಎಲ್ಲಿಸ್ 1869ರಲ್ಲಿ ಸುಶಿಕ್ಷಿತರ ಮಾತಿಗೆ 'ರಿಸೀವ್ಡ್ ಪ್ರನನ್ಸಿಯೇಶನ್' (ಸ್ವೀಕೃತ ಉಚ್ಚಾರಣೆ) ಎಂಬ ಹೆಸರು ಬಳಸಿದರು. ಡೇನಿಯಲ್ ಜೋನ್ಸ್ 1917ರ ತಮ್ಮ ಉಚ್ಚಾರಣಾ ನಿಘಂಟಿನಲ್ಲಿ ಅದನ್ನು 'ಪಬ್ಲಿಕ್ ಸ್ಕೂಲ್ ಉಚ್ಚಾರಣೆ' ಎಂದು ಕರೆದು, 1926ರ ಆವೃತ್ತಿಯಲ್ಲಿ ಎಲ್ಲಿಸ್‌ನ ಹೆಸರನ್ನು ಸ್ವೀಕರಿಸಿದರು. ಮೊದಲ ಹೆಸರು ಹೆಚ್ಚು ಪ್ರಾಮಾಣಿಕವಾಗಿತ್ತೆನ್ನಬಹುದು: ಶ್ರೀಮಂತರ ಮಕ್ಕಳು ಓದುವ ಖಾಸಗಿ ವಸತಿಶಾಲೆಗಳೇ ಆ ಧಾಟಿಯ ನೆಲೆ. 1922ರಲ್ಲಿ ಆರಂಭವಾದ ಬಿಬಿಸಿ 1926ರಲ್ಲಿ ಮಾತಿನ ಇಂಗ್ಲಿಷಿಗಾಗಿ ಸಲಹಾ ಸಮಿತಿಯೊಂದನ್ನು ನೇಮಿಸಿತು. ಸಂಸ್ಥೆಯ ಮುಖ್ಯಸ್ಥ ಜಾನ್ ರೀತ್ ಸ್ಕಾಟ್. ಸಮಿತಿಯ ಕಾರ್ಯದರ್ಶಿ ಆರ್ಥರ್ ಲಾಯ್ಡ್ ಜೇಮ್ಸ್ ವೇಲ್ಸ್‌ನವರು. ರಾಬರ್ಟ್ ಬ್ರಿಜಸ್ ಅವರ ಬಳಿಕ ಅಧ್ಯಕ್ಷರಾದ ಬರ್ನಾರ್ಡ್ ಷಾ ಐರಿಷ್. ಇಂಗ್ಲಿಷರ ದನಿಯೆಂದು ಜಗತ್ತು ನಂಬಿದ ದನಿಯನ್ನು ಪ್ರಸಾರಕ್ಕೆ ಅಣಿಗೊಳಿಸಿದವರಲ್ಲಿ ಇಂಗ್ಲಿಷರಲ್ಲದವರೂ ಮುಂಚೂಣಿಯಲ್ಲಿದ್ದರು.

ಈ ಧಾಟಿಯನ್ನು ಪೂರ್ಣವಾಗಿ ಆಡುವವರು ಜನಸಂಖ್ಯೆಯ ಸುಮಾರು ಶೇ. 3ರಷ್ಟಿರಬಹುದೆಂದು ಪೀಟರ್ ಟ್ರಡ್ಗಿಲ್ ಅಂದಾಜಿಸಿದ್ದರು. ಉಳಿದವರ ಮಾತಿನ ವೈವಿಧ್ಯವನ್ನು ಹೆರಾಲ್ಡ್ ಆರ್ಟನ್ ಲೀಡ್ಸ್ ವಿಶ್ವವಿದ್ಯಾನಿಲಯದಿಂದ 1950 ಮತ್ತು 1961ರ ನಡುವೆ 313 ಸ್ಥಳಗಳಲ್ಲಿ ನಡೆಸಿದ ಉಪಭಾಷಾ ಸರ್ವೇಕ್ಷಣೆ ದಾಖಲಿಸಿತು. ಆ ನಕಾಶೆಗಳಲ್ಲಿ ಉತ್ತರ, ದಕ್ಷಿಣ, ಪಶ್ಚಿಮಗಳ ಇಂಗ್ಲಿಷ್‌ಗಳು ಕಾಣುತ್ತವೆ. ಇಡೀ ನಾಡಿಗೆ ಸಾಮಾನ್ಯವಾಗಿದ್ದು ನೆರೆನಾಡುಗಳಿಂದ ಅದನ್ನು ಬೇರ್ಪಡಿಸುವ ಒಂದು ಧಾಟಿ ಕಾಣುವುದಿಲ್ಲ.

ಇಲ್ಲಿ ನಮ್ಮ ವಾದಕ್ಕೆ ಒಂದು ಆಕ್ಷೇಪ ಬರಬಹುದು. ಸ್ಕಾಟರಲ್ಲಿಯೂ ಐರಿಷರಲ್ಲಿಯೂ ಬಹುಪಾಲು ಜನ ಇಂಗ್ಲಿಷನ್ನೇ ಆಡುತ್ತಾರೆ. ಆದರೂ ಅವರ ರಾಷ್ಟ್ರೀಯ ಅಸ್ಮಿತೆ ಮಸುಕಾಗಿಲ್ಲ. ಹಾಗಿದ್ದರೆ ಭಾಷೆಯ ಎಲ್ಲೆ ಅಳಿದುದನ್ನೇ ಕಾರಣವೆನ್ನುವುದು ಹೇಗೆ? ಉತ್ತರ ಧಾಟಿಗಳ ಸೂಚಕಾರ್ಥದಲ್ಲಿದೆ. ಗ್ಲಾಸ್ಗೋದವನ ಮಾತನ್ನು ಕೇಳಿದ ಲಂಡನ್ನಿಗನಿಗೆ ಮೊದಲು ಹೊಳೆಯುವುದು ಅವನು ಸ್ಕಾಟ್ ಎಂಬುದು. ಅವನ ಊರು, ವರ್ಗಗಳು ಅನಂತರ. ನ್ಯೂಕಾಸಲ್ಲಿನವಳ ಮಾತು ಅವಳು ನ್ಯೂಕಾಸಲ್ಲಿನವಳೆಂದು ತಿಳಿಸುತ್ತದೆ, ಇಂಗ್ಲಿಷಳೆಂದು ಅಲ್ಲ. ವಿದೇಶಗಳಲ್ಲಿ ಇಂಗ್ಲಿಷರ ಮಾತೆಂದು ಗುರುತಾಗುವ ಸ್ವೀಕೃತ ಉಚ್ಚಾರಣೆ ತಾಯ್ನಾಡಿನಲ್ಲಿ ವರ್ಗವನ್ನು ಸೂಚಿಸುತ್ತದೆ. ಅಮೆರಿಕದಲ್ಲಿಯಾದರೋ ಅದಕ್ಕೆ 'ಬ್ರಿಟಿಷ್' ಧಾಟಿಯೆಂದು ಹೆಸರು. ಹೀಗೆ ಇಂಗ್ಲೆಂಡಿನ ಧಾಟಿಗಳು ಊರನ್ನು ಹೇಳುತ್ತವೆ, ವರ್ಗವನ್ನು ಹೇಳುತ್ತವೆ. ರಾಷ್ಟ್ರವನ್ನು ಮಾತ್ರ ಹೇಳುವ ಧಾಟಿಯೊಂದು ಅಲ್ಲಿಲ್ಲ.

ಇಂಗ್ಲಿಷ್ ಸ್ವಭಾವವನ್ನು ಪಟ್ಟಿಮಾಡುವ ಬರಹಗಳ ತೊಡಕೂ ಇದೇ. ಜಾರ್ಜ್ ಆರ್ವೆಲ್ 1941ರಲ್ಲಿ, ಜೆಫ್ರಿ ಗೋರರ್ 1955ರಲ್ಲಿ, ಕೇಟ್ ಫಾಕ್ಸ್ 2004ರಲ್ಲಿ ಈ ಪ್ರಯತ್ನ ಮಾಡಿದರು. ಫಾಕ್ಸ್ ಅವರ ಕೃತಿ ಮಾತಿನ ನಿಯಮಗಳಿಂದ, ಹವಾಮಾನದ ಹರಟೆಯಿಂದ, ಆರಂಭವಾಗುವುದು ಸೂಕ್ತವೇ ಆಗಿದೆ. ತುಂಬ ಮೆಚ್ಚಿಗೆಯಾದುದನ್ನು 'ನಾಟ್ ಬ್ಯಾಡ್' ಎನ್ನುವುದು, ತನ್ನ ಕಾಲು ತುಳಿದವರಿಗೂ 'ಸಾರಿ' ಎನ್ನುವುದು, ಕೇಳುವುದನ್ನು ನೇರವಾಗಿ ಕೇಳದಿರುವುದು, ಇವು ಬಳಕೆವಿಜ್ಞಾನದ ನೆಲೆಯಲ್ಲಿ ವಿವರಿಸಬಹುದಾದ ಲಕ್ಷಣಗಳು. ಆದರೆ ಅನ್ನಾ ವಿಯೆರ್ಜ್‌ಬಿಕ್ಕಾ 2006ರಲ್ಲಿ 'ಫೇರ್', 'ರೀಸನಬಲ್' ಮುಂತಾದ ಪದಗಳಲ್ಲಿ ಅಡಗಿರುವ ಸಾಂಸ್ಕೃತಿಕ ನಿಯಮಗಳನ್ನು ಬಿಡಿಸಿ ತೋರಿಸಿದಾಗ ಅವುಗಳನ್ನು ಇಂಗ್ಲೆಂಡಿಗೆ ಸೀಮಿತಗೊಳಿಸಲಿಲ್ಲ. ಆಸ್ಟ್ರೇಲಿಯ, ಅಮೆರಿಕಗಳನ್ನೂ ಒಳಗೊಂಡ 'ಆಂಗ್ಲೋ' ಲೋಕಕ್ಕೆ ಅನ್ವಯಿಸಿದರು. ಭಾಷೆಯಲ್ಲಿ ನೆಲೆಗೊಂಡ ಸ್ವಭಾವ ಭಾಷೆಯೊಡನೆ ಪಯಣಿಸುತ್ತದೆ.

6. ಇಂದಿನ ಸ್ಥಿತಿ

1999ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಮತ್ತು ವೇಲ್ಸ್‌ನ ಶಾಸನಸಭೆ ಕಾರ್ಯಾರಂಭ ಮಾಡಿದಂದಿನಿಂದ ಇಂಗ್ಲೆಂಡಿನ ಪ್ರಶ್ನೆ ಹೊಸದಾಗಿ ಎದ್ದಿದೆ. ಇಂಗ್ಲೆಂಡಿಗೆ ತನ್ನದೇ ಸಂಸತ್ತಿಲ್ಲ, ಅಧಿಕೃತ ರಾಷ್ಟ್ರಗೀತೆಯಿಲ್ಲ, ಪೌರತ್ವವಿಲ್ಲ. ಪೌರತ್ವ ಬ್ರಿಟಿಷ್; ಅದನ್ನು ಪಡೆಯಲು ಬೇಕಾದ ಭಾಷಾಜ್ಞಾನ ಇಂಗ್ಲಿಷ್, ವೆಲ್ಷ್, ಸ್ಕಾಟಿಷ್ ಗೇಲಿಕ್ ಇವುಗಳಲ್ಲಿ ಯಾವುದಾದರೂ ಆಗಬಹುದು. ವೇಲ್ಸ್‌ನಲ್ಲಿ ವೆಲ್ಷ್ ಭಾಷೆಗೆ 2011ರಲ್ಲಿ ಕಾನೂನಿನ ಮೂಲಕ ಅಧಿಕೃತ ಸ್ಥಾನ ದೊರೆಯಿತು. ಇಂಗ್ಲೆಂಡಿನಲ್ಲಿ ಇಂಗ್ಲಿಷನ್ನು ಹಾಗೆ ಘೋಷಿಸುವ ಕಾನೂನಿಲ್ಲ, ಅದರ ಅಗತ್ಯವೂ ಕಂಡುಬಂದಿಲ್ಲ. ಇಂಗ್ಲೆಂಡಿನ ಗಡಿಯೊಳಗೇ ಇರುವ ಕಾರ್ನ್‌ವಾಲ್‌ನ ಜನರನ್ನು 2014ರಲ್ಲಿ ರಾಷ್ಟ್ರೀಯ ಅಲ್ಪಸಂಖ್ಯಾತರೆಂದು ಸರ್ಕಾರ ಮಾನ್ಯ ಮಾಡಿತು. ಆ ಬೇಡಿಕೆಯ ಹಿಂದೆಯೂ ಪುನರುಜ್ಜೀವಿತವಾದ ಕಾರ್ನಿಷ್ ಭಾಷೆಯ ಬಲವಿದೆ.

ಸಂಕೇತಗಳ ಮಟ್ಟದಲ್ಲಿ ಚಲನೆ ಕಂಡುಬಂದಿದೆ. 1966ರ ವಿಶ್ವಕಪ್ ಫುಟ್‌ಬಾಲ್ ಪಂದ್ಯಗಳಲ್ಲಿ ಇಂಗ್ಲೆಂಡಿನ ಅಭಿಮಾನಿಗಳ ಕೈಯಲ್ಲಿದ್ದದ್ದು ಯೂನಿಯನ್ ಧ್ವಜ. 1996ರ ಯೂರೋಪಿಯನ್ ಪಂದ್ಯಾವಳಿಯ ಹೊತ್ತಿಗೆ ಸೇಂಟ್ ಜಾರ್ಜ್‌ನ ಕೆಂಪು ಶಿಲುಬೆಯ ಧ್ವಜ ಮುಂದೆ ಬಂದಿತ್ತು. 2016ರ ಜನಮತಗಣನೆಯಲ್ಲಿ ಯೂರೋಪಿಯನ್ ಒಕ್ಕೂಟವನ್ನು ತೊರೆಯಲು ಇಂಗ್ಲೆಂಡಿನಲ್ಲಿ ಶೇ. 53.4, ಸ್ಕಾಟ್ಲೆಂಡಿನಲ್ಲಿ ಶೇ. 38 ಮತಗಳು ಬಿದ್ದವು. ತಮ್ಮನ್ನು ಹೆಚ್ಚಾಗಿ ಇಂಗ್ಲಿಷರೆಂದು ಭಾವಿಸುವವರ ರಾಜಕೀಯ ನಿಲುವುಗಳು ಪ್ರತ್ಯೇಕವಾಗಿ ಗುರುತಿಸಬಲ್ಲವೆಂದೂ, ಆದರೆ ಅವು ಬ್ರಿಟನ್ನನ್ನು ಕುರಿತ ಒಂದು ನಿರ್ದಿಷ್ಟ ಕಲ್ಪನೆಯೊಡನೆ ಬೆಸೆದುಕೊಂಡಿವೆಯೆಂದೂ ಐಲ್ಸ ಹೆಂಡರ್‌ಸನ್ ಮತ್ತು ರಿಚರ್ಡ್ ವಿನ್ ಜೋನ್ಸ್ 2021ರಲ್ಲಿ ತೋರಿಸಿದ್ದಾರೆ. ಇಂಗ್ಲಿಷ್ ಭಾವನೆ ಬಲಗೊಂಡಾಗಲೂ 'ಬ್ರಿಟಿಷ್'ನಿಂದ ಅದು ಬಿಡಿಸಿಕೊಳ್ಳುವುದಿಲ್ಲ.

ಈ ಅಸ್ಪಷ್ಟತೆಗೆ ಬೆಲೆ ತೆರುವವರು ಯಾರು ಎಂಬ ಪ್ರಶ್ನೆಯನ್ನು ಭಾಷಾವಿಜ್ಞಾನಿಗಳು ಕೈಬಿಡುವಂತಿಲ್ಲ. ಭಾಷೆಯ ಎಲ್ಲೆ ಕೆಲಸ ಮಾಡದಿದ್ದಾಗ ಬೇರೆ ಎಲ್ಲೆಗಳು ಅದರ ಜಾಗಕ್ಕೆ ಬರುತ್ತವೆ; ವಂಶ ಮತ್ತು ಮೈಬಣ್ಣ ಅವುಗಳಲ್ಲಿ ಪ್ರಬಲವಾದವು. ಏಷ್ಯಾ, ಆಫ್ರಿಕಾ, ಕೆರಿಬಿಯನ್ ಮೂಲದ ಕುಟುಂಬಗಳಲ್ಲಿ, ಇಂಗ್ಲೆಂಡಿನಲ್ಲಿಯೇ ಹುಟ್ಟಿ ಬೆಳೆದವರೂ 'ಇಂಗ್ಲಿಷ್'ಗಿಂತ 'ಬ್ರಿಟಿಷ್' ಎಂಬ ಹೆಸರನ್ನು ಹೆಚ್ಚಾಗಿ ಆರಿಸಿಕೊಳ್ಳುವುದು ಜನಗಣತಿಗಳಲ್ಲಿ ಕಂಡುಬಂದಿದೆ. ಇವರಲ್ಲಿ ಅನೇಕರ ಮೊದಲ ಭಾಷೆ ಇಂಗ್ಲಿಷ್. ಇಷ್ಟೇ ಅಲ್ಲ, ಇಂಗ್ಲೆಂಡಿನಲ್ಲಿ ಈಚೆಗೆ ಹುಟ್ಟಿದ ಪ್ರಮುಖ ಉಪಭಾಷೆಯೊಂದರ ನಿರ್ಮಾಣದಲ್ಲಿ ಇವರ ಪಾಲು ದೊಡ್ಡದು. ಜೆನಿ ಚೆಷೈರ್, ಪಾಲ್ ಕರ್ಸ್‌ವಿಲ್, ಸ್ಯೂ ಫಾಕ್ಸ್ ಮತ್ತು ಐವಿಂಡ್ ಟಾರ್ಗರ್‌ಸನ್ ಪೂರ್ವ ಲಂಡನ್ನಿನ ಬಹುಭಾಷಿಕ ಬಡಾವಣೆಗಳ ಯುವಜನರ ಮಾತನ್ನು ಅಭ್ಯಸಿಸಿ, ಅದನ್ನು ಬಹುಸಂಸ್ಕೃತಿಯ ಲಂಡನ್ ಇಂಗ್ಲಿಷ್ ಎಂದು ಹೆಸರಿಸಿದರು. ಸಂಧ್ಯಕ್ಷರಗಳ ಜಾಗದಲ್ಲಿ ಏಕಸ್ವರಕ್ಕೆ ಹತ್ತಿರವಾದ ಉಚ್ಚಾರಣೆ, 'ಮ್ಯಾನ್' ಎಂಬ ನಾಮಪದ ಸರ್ವನಾಮವಾಗಿ ಬಳಕೆಯಾಗುವುದು ಮುಂತಾದವು ಅದರ ಲಕ್ಷಣಗಳು. ಇದು ಯಾವುದೇ ಒಂದು ವಲಸೆ ಗುಂಪಿನ ಭಾಷೆಯಲ್ಲ. ಹಲವು ಮೂಲಗಳ ರೂಪಗಳಿಂದ ಆಯ್ದು ಲಂಡನ್ನಿನ ಮಕ್ಕಳು ಜೊತೆಯಾಗಿ ಕಟ್ಟಿಕೊಂಡದ್ದು. ಬಿಳಿಯ ಕುಟುಂಬಗಳ ಮಕ್ಕಳೂ ಇದನ್ನು ಆಡುತ್ತಾರೆ. ಪತ್ರಿಕೆಗಳು ಮಾತ್ರ ಇದಕ್ಕೆ 'ಜಫೇಕನ್', ಅಂದರೆ ನಕಲಿ ಜಮೈಕನ್, ಎಂಬ ಹೆಸರಿಟ್ಟವು. ಇಂಗ್ಲೆಂಡಿನ ನೆಲದಲ್ಲಿ ಹುಟ್ಟಿದ ಇಂಗ್ಲಿಷನ್ನು ಹೊರಗಿನದೆಂದು ಸಾರುವ ಹೆಸರು ಇದು.

ಧಾಟಿಗಳ ಬಗೆಗಿನ ಮನೋಭಾವ ನಿಧಾನವಾಗಿ ಬದಲಾಗುತ್ತದೆಂಬುದನ್ನು ಹೋವರ್ಡ್ ಜೈಲ್ಸ್ 1970ರಲ್ಲಿ, ನಿಕೊಲಾಸ್ ಕೂಪ್‌ಲ್ಯಾಂಡ್ ಮತ್ತು ಹೈವೆಲ್ ಬಿಷಪ್ 2007ರಲ್ಲಿ, ದೇವ್ಯಾನಿ ಶರ್ಮ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನಗಳನ್ನು ಜೊತೆಯಾಗಿಟ್ಟು ನೋಡಿದರೆ ತಿಳಿಯುತ್ತದೆ. ಅರ್ಧ ಶತಮಾನದ ಉದ್ದಕ್ಕೂ ಪ್ರಮಾಣ ಧಾಟಿಗಳಿಗೆ ಮೇಲಿನ ಸ್ಥಾನ; ಬರ್ಮಿಂಗ್‌ಹ್ಯಾಮಿನಂತಹ ಕೈಗಾರಿಕಾ ನಗರಗಳ ಮತ್ತು ವಲಸೆ ಮೂಲದ ಸಮುದಾಯಗಳ ಧಾಟಿಗಳಿಗೆ ಕೆಳಗಿನ ಸ್ಥಾನ. ಬರ್ಮಿಂಗ್‌ಹ್ಯಾಮಿನ ಕಾರ್ಮಿಕನೂ ಅದೇ ನಗರದ ಪಂಜಾಬಿ ಮೂಲದ ಶಿಕ್ಷಕಿಯೂ ಉದ್ಯೋಗದ ಸಂದರ್ಶನದಲ್ಲಿ ಎದುರಿಸುವುದು ಒಂದೇ ಶ್ರೇಣಿಯನ್ನು. ಆದರೆ ಅವರಲ್ಲಿ ಮೊದಲನೆಯವನ ಇಂಗ್ಲಿಷ್‌ತನವನ್ನು ಯಾರೂ ಪ್ರಶ್ನಿಸುವುದಿಲ್ಲ.

7. ಸಮಾರೋಪ

ಮೇಲಿನ ಚರಿತ್ರೆಯಿಂದ ನಾವು ಮೂರು ತೀರ್ಮಾನಗಳನ್ನು ಮಂಡಿಸುತ್ತೇವೆ. ಮೊದಲನೆಯದಾಗಿ, ಇಂದಿನ ಇಂಗ್ಲಿಷ್ ಅಸ್ಮಿತೆಯನ್ನು ಗುಣಲಕ್ಷಣಗಳ ಪಟ್ಟಿಯಿಂದ ನಿರ್ವಚಿಸಲಾಗದು. ಆ ಗುಣಗಳಲ್ಲಿ ಭಾಷೆಗೆ ಅಂಟಿಕೊಂಡವು ಭಾಷೆಯೊಡನೆ ಹೊರಗೆ ಹೋಗಿವೆ, ವರ್ಗಕ್ಕೆ ಅಂಟಿಕೊಂಡವು ಇಡೀ ಜನವನ್ನು ಪ್ರತಿನಿಧಿಸುವುದಿಲ್ಲ. ಎರಡನೆಯದಾಗಿ, ಅದನ್ನು ಇಂದು ರೂಪಿಸುತ್ತಿರುವುದು ಎರಡು ಸಂಬಂಧಗಳು: 'ಬ್ರಿಟಿಷ್' ಎಂಬ ಹೆಸರಿನೊಡನೆ ಅದರ ಬಗೆಹರಿಯದ ಸಂಬಂಧ, ಮತ್ತು ಊರು ಹಾಗೂ ವರ್ಗಗಳನ್ನು ಹೇಳುವ ತನ್ನದೇ ಧಾಟಿಗಳೊಡನೆ ಅದರ ಸಂಬಂಧ. ಮೂರನೆಯದಾಗಿ, ಅಸ್ಮಿತೆಯ ಸಮೀಕ್ಷೆಗಳಲ್ಲಿ ಬಳಸುವ ಹೆಸರುಗಳ ಅರ್ಥವನ್ನು ಸಿದ್ಧವೆಂದು ಭಾವಿಸದೆ, ಯಾವ ಎದುರುಪದದ ಪಕ್ಕದಲ್ಲಿ ಆ ಹೆಸರು ನಿಂತಿದೆ ಎಂಬುದನ್ನು ಮೊದಲು ಪರಿಶೀಲಿಸಬೇಕು. 2011 ಮತ್ತು 2021ರ ಅಂಕಿಗಳ ನಡುವಣ ಅಂತರ ಈ ಪರಿಶೀಲನೆಯ ಅಗತ್ಯವನ್ನು ಸ್ಪಷ್ಟಪಡಿಸುತ್ತದೆ.

ಕನ್ನಡದ ಸಂಶೋಧನೆಗೂ ಇದರಿಂದ ಒಂದು ಕರ್ತವ್ಯ ಒದಗುತ್ತದೆ. ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ 'ಆಂಗ್ಲರು', 'ಇಂಗ್ಲಿಷರು', 'ಬ್ರಿಟಿಷರು' ಎಂಬ ಪದಗಳು ಒಂದರ ಬದಲು ಇನ್ನೊಂದಾಗಿ ಬಳಕೆಯಾಗುತ್ತ ಬಂದಿವೆ. ಆಳುವವರ ಹೆಸರು ಆಳಿಸಿಕೊಂಡವರ ಭಾಷೆಗೆ ಯಾವ ದಾರಿಯಲ್ಲಿ, ಯಾವ ಕಾಲದಲ್ಲಿ ಬಂತು, ಕನ್ನಡದ ಕಡತಗಳು ಮತ್ತು ಆರಂಭಕಾಲದ ಪತ್ರಿಕೆಗಳು ಈ ಮೂರರಲ್ಲಿ ಯಾವುದನ್ನು ಎಲ್ಲಿ ಬಳಸಿದವು ಎಂಬುದರ ಕ್ರಮಬದ್ಧ ಅಧ್ಯಯನವು ಪದಚರಿತ್ರೆಗೆ ಮಾತ್ರವಲ್ಲ, ಇಂಗ್ಲಿಷ್ ಅಸ್ಮಿತೆಯ ಚರಿತ್ರೆಗೂ ಉಪಯುಕ್ತವಾಗುತ್ತದೆ. ಆ ಹೆಸರು ತನ್ನ ನಾಡಿನ ಹೊರಗೆ ಪಡೆದ ಅರ್ಥಗಳೂ ಆ ಹೆಸರಿನ ಚರಿತ್ರೆಯ ಭಾಗವೇ. ಅವುಗಳಲ್ಲಿ ಕೆಲವು ದಾಖಲಾಗಿರುವುದು ಕನ್ನಡದಲ್ಲಿ.